‘ಮರ್ಯಾದ ರಾಮನ್ನ’: ರಾಜಮೌಳಿಯವರ ಒಂದು ಕಿರಿಯ ಚಿತ್ರ

ಮರ್ಯಾದೆ ಎಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಮೊದಲು ಸಲ್ಲುವ ಅರ್ಥ ಎಲ್ಲೆ, ಮೇರೆ ಎಂಬುದು. ಕಡಲು ತನ್ನ ದಡವನ್ನು ಮೀರದೆ ನಿಲ್ಲುವುದು ಕಡಲಿನ ಮರ್ಯಾದೆ. ಕನ್ನಡ ತೆಲುಗುಗಳಲ್ಲಿ ಆ ಶಬ್ದವು ಬಹುಕಾಲದಿಂದ ಗೌರವ, ಉಪಚಾರ ಎಂಬ ಅರ್ಥದಲ್ಲಿಯೇ ಹೆಚ್ಚಾಗಿ ನಡೆದುಬಂದಿದೆ. ಮನೆಗೆ ಬಂದವರಿಗೆ ನೀರು ಕೊಟ್ಟು, ಕೂರಿಸಿ, ಊಟಕ್ಕೆ ಏಳಿಸುವುದು ನಮ್ಮ ಆಡುಮಾತಿನ ಮರ್ಯಾದೆ. ಈ ಎರಡು ಅರ್ಥಗಳೂ ಒಂದೇ ಹೊಸ್ತಿಲಿನ ಮೇಲೆ ಕೂಡಿ ನಿಂತ ಕಥೆಯೊಂದು ತೆಲುಗು ಚಲಚ್ಚಿತ್ರದಲ್ಲಿ ಉಂಟು. 2010ರ ಜುಲೈ ತಿಂಗಳಲ್ಲಿ ತೆರೆಗೆ ಬಂದ ಆ ಚಿತ್ರದ ಹೆಸರೇ ‘ಮರ್ಯಾದ ರಾಮನ್ನ’. ಹಳೆಯ ಜನಪದ ಕಥೆಗಳಲ್ಲಿ ಬರುವ ಜಾಣ ನ್ಯಾಯಾಧಿಪತಿಯ ಹೆಸರನ್ನು ಅದು ಎರವಲಾಗಿ ತೆಗೆದುಕೊಂಡಿದೆ. ಆ ಕಥೆಗಳಿಗೂ ಚಿತ್ರಕ್ಕೂ ಬೇರೆ ನಂಟಿಲ್ಲ.

ಇದರ ನಿರ್ದೇಶಕರು ಶ್ರೀ ಎಸ್. ಎಸ್. ರಾಜಮೌಳಿಯವರು. ಅವರ ಹೆಸರನ್ನು ಕೇಳಿದೊಡನೆ ಹೈದರಾಬಾದಿನಲ್ಲಾಗಲಿ ಹೊರನಾಡುಗಳಲ್ಲಾಗಲಿ ಜನರ ನಾಲಗೆಗೆ ಬರುವುದು ‘ಬಾಹುಬಲಿ’ಯ ಎರಡು ಭಾಗಗಳು ಮತ್ತು ‘ಆರ್‌ಆರ್‌ಆರ್’. ‘ಮರ್ಯಾದ ರಾಮನ್ನ’ ತೆಲುಗು ನಾಡಿನಲ್ಲಿ ಗೆದ್ದ ಚಿತ್ರವೇ ಹೌದು, ಆದರೆ ಆ ಗಡಿಯಾಚೆಗೆ ಅದರ ಹೆಸರು ಬಲ್ಲವರು ಕಡಮೆ. ದೊಡ್ಡ ಚಿತ್ರಗಳ ನೆರಳಿನಲ್ಲಿ ಅದು ಮರೆಯಾದುದು ಸಹಜ. ಹಾಗಿದ್ದರೂ ರಾಜಮೌಳಿಯವರ ಕಥನಶಕ್ತಿ ಎಲ್ಲಿದೆ ಎಂದು ಅರಿಯಬಯಸುವವರು ಮಾಹಿಷ್ಮತಿಯ ಕೋಟೆಗಿಂತ ಮೊದಲು ನೋಡಬೇಕಾದುದು ಈ ಚಿತ್ರದ ಒಂದು ಮನೆಯನ್ನು. ಈ ಮಾತು ವಿಲಕ್ಷಣವೆಂದು ತೋರಬಹುದು. ಅದಕ್ಕೆ ಕಾರಣಗಳನ್ನು ಹೇಳತಕ್ಕದ್ದು ಅವಶ್ಯ.

ರಾಜಮೌಳಿಯವರು ಹುಟ್ಟಿದುದು 1973ರಲ್ಲಿ, ರಾಯಚೂರು ಜಿಲ್ಲೆಯ ಮಾನ್ವಿಯ ಸಮೀಪದ ಅಮರೇಶ್ವರ ಕ್ಯಾಂಪಿನಲ್ಲಿ. ತುಂಗಭದ್ರೆಯ ಕಾಲುವೆಗಳು ಬಂದ ಮೇಲೆ ಆಂಧ್ರದ ರೈತರು ಅಲ್ಲಿಗೆ ಬಂದು ನೆಲೆಸಿದ ಹಳ್ಳಿಗಳಿಗೆ ಕ್ಯಾಂಪುಗಳೆಂದೇ ಹೆಸರು. 1956ರವರೆಗೆ ಆ ಜಿಲ್ಲೆಯು ಹೈದರಾಬಾದು ರಾಜ್ಯಕ್ಕೆ ಸೇರಿತ್ತೆಂಬುದನ್ನು ಈ ನಗರದ ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಷ್ಟರಿಂದಲೇ ಅವರನ್ನು ಕನ್ನಡದ ನಿರ್ದೇಶಕರೆಂದು ಎಳೆದುಕೊಳ್ಳುವ ಉತ್ಸಾಹ ಬೇಡ. ಅವರ ಭಾಷೆ ತೆಲುಗು, ಅವರ ಕರ್ಮಭೂಮಿ ಹೈದರಾಬಾದು. ಎರಡು ಭಾಷೆಗಳು ಬೆರೆತು ಬಾಳುವ ಸೀಮೆಯಲ್ಲಿ ಅವರು ಹುಟ್ಟಿದವರೆಂಬುದಷ್ಟನ್ನು ಗುರುತಿಸಿದರೆ ಸಾಕು.

2001ರಲ್ಲಿ ‘ಸ್ಟೂಡೆಂಟ್ ನಂಬರ್ 1’ ಚಿತ್ರದಿಂದ ತೊಡಗಿ ‘ಸಿಂಹಾದ್ರಿ’, ‘ಛತ್ರಪತಿ’, ‘ವಿಕ್ರಮಾರ್ಕುಡು’ ಮೊದಲಾದ ಚಿತ್ರಗಳ ಮೂಲಕ ಅವರು ಒಂದು ಬಗೆಯ ನಾಯಕನನ್ನು ಕ್ರಮಕ್ರಮವಾಗಿ ಬೆಳೆಸಿದರು. ಚಿತ್ರದಿಂದ ಚಿತ್ರಕ್ಕೆ ಆತನ ತೋಳು ಬಲಿಯುತ್ತ ಹೋಯಿತು. 2009ರ ‘ಮಗಧೀರ’ದಲ್ಲಿ ಒಬ್ಬ ಯೋಧನು ನೂರು ಮಂದಿಯನ್ನು ಒಬ್ಬನೇ ಎದುರಿಸಿ ಕೆಡಹುತ್ತಾನೆ. 2015ರ ‘ಬಾಹುಬಲಿ’ಯಲ್ಲಿ ನಾಯಕನು ಶಿವಲಿಂಗವನ್ನೇ ಕಿತ್ತು ಹೆಗಲ ಮೇಲೆ ಹೊತ್ತು ಜಲಪಾತದ ಕೆಳಗೆ ಇರಿಸುತ್ತಾನೆ. 2022ರ ‘ಆರ್‌ಆರ್‌ಆರ್’ ಚಿತ್ರದಲ್ಲಿ ಹುಲಿಯೊಡನೆ ಸೆಣಸುವವನೊಬ್ಬ, ಉದ್ರಿಕ್ತ ಜನಸಮುದ್ರದೊಳಕ್ಕೆ ಒಂಟಿಯಾಗಿ ನುಗ್ಗುವವನೊಬ್ಬ. ಇಂಗ್ಲಿಷಿನವರು ಸೂಪರ್‌ಹೀರೋ ಎಂದು ಕರೆಯುವ ಅತಿಮಾನುಷ ನಾಯಕನಿಗೂ ಇವರಿಗೂ ವೇಷದಲ್ಲಿ ಮಾತ್ರ ಭೇದ. ಪುರಾಣ ಕೇಳಿ ಬೆಳೆದ ಜನಕ್ಕೆ ಈ ಬಗೆಯ ವೀರನು ಅಪರಿಚಿತನೂ ಅಲ್ಲ, ಅಪ್ರಿಯನೂ ಅಲ್ಲ. 2017ರಲ್ಲಿ ಬಂದ ‘ಬಾಹುಬಲಿ’ಯ ಎರಡನೆಯ ಭಾಗವು ಸಾವಿರ ಕೋಟಿ ರೂಪಾಯಿಗೂ ಮಿಗಿಲಾಗಿ ಗಳಿಸಿತು, ‘ಆರ್‌ಆರ್‌ಆರ್’ ಚಿತ್ರದ ‘ನಾಟು ನಾಟು’ ಹಾಡಿಗೆ 2023ರಲ್ಲಿ ಆಸ್ಕರ್ ಪ್ರಶಸ್ತಿ ಬಂದಿತು. ಇವುಗಳನ್ನು ಹಗುರವಾಗಿ ಕಾಣುವುದು ವಿಮರ್ಶೆಯೆನಿಸಲಾರದು.

ಆದರೆ ಅತಿಮಾನುಷ ನಾಯಕನಲ್ಲಿ ಕಥೆಗಾರನಿಗೆ ಒಂದು ತೊಡಕುಂಟು. ಆತನಿಂದ ಆಗದ ಕೆಲಸವಿಲ್ಲ. ಹಾಗಿರುವಾಗ ಅಡ್ಡಿಯನ್ನು ಎಲ್ಲಿಂದ ತರುವುದು? ವೈರಿಯನ್ನು ಇನ್ನಷ್ಟು ದೊಡ್ಡವನನ್ನಾಗಿ ಮಾಡಬೇಕು, ಸೈನ್ಯವನ್ನು ಹೆಚ್ಚಿಸಬೇಕು, ಕೋಟೆಯನ್ನು ಎತ್ತರಿಸಬೇಕು. ಪ್ರತಿಯೊಂದು ಚಿತ್ರವೂ ಹಿಂದಿನದಕ್ಕಿಂತ ಹಿರಿದಾಗಲೇಬೇಕೆಂಬ ಸಾಲ ನಿರ್ದೇಶಕನ ತಲೆಯ ಮೇಲೆ ಬೀಳುತ್ತದೆ. ‘ಮಗಧೀರ’ದ ಜಯಭೇರಿ ಮೊಳಗಿದ ಮರುವರ್ಷವೇ ರಾಜಮೌಳಿಯವರು ಈ ಸಾಲವನ್ನು ತೀರಿಸಲು ಹೋಗದೆ, ಹಾಸ್ಯನಟರೆಂದು ಹೆಸರಾದ ಶ್ರೀ ಸುನಿಲ್ ಅವರನ್ನು ನಾಯಕರನ್ನಾಗಿ ಮಾಡಿ ಒಂದು ಮನೆಯೊಳಗಿನ ಕಥೆಯನ್ನು ಹೇಳಲು ತೊಡಗಿದರು.

ಕಥೆ ಸರಳವಾದುದು. ರಾಯಲಸೀಮೆಯ ಒಂದು ಊರಿನಲ್ಲಿ ಎರಡು ಮನೆತನಗಳ ನಡುವೆ ಹಗೆ. ಕೊಲೆಗೆ ಕೊಲೆಯಾಗುತ್ತದೆ, ಒಬ್ಬ ತಾಯಿ ತನ್ನ ಹಸುಳೆಯನ್ನು ಎತ್ತಿಕೊಂಡು ಹೈದರಾಬಾದಿಗೆ ಓಡಿಬರುತ್ತಾಳೆ. ಆ ಹಸುಳೆಯೇ ರಾಮು. ಬೆಳೆದು ದೊಡ್ಡವನಾದ ಮೇಲೆ ಸೈಕಲ್ಲಿನ ಮೇಲೆ ಸಾಮಾನು ಸಾಗಿಸಿ ಹೊಟ್ಟೆ ಹೊರೆಯುತ್ತಾನೆ. ಮೋಟಾರು ಬಂಡಿಗಳ ಕಾಲದಲ್ಲಿ ಸೈಕಲ್ಲಿಗೆ ಬೆಲೆಯೆಲ್ಲಿ? ಇದ್ದ ಕೆಲಸವೂ ಹೋಗುತ್ತದೆ. ಒಂದು ಆಟೋ ಕೊಳ್ಳಬೇಕೆಂಬ ಆಸೆ, ಅದಕ್ಕೆ ಹಣವಿಲ್ಲ. ಅಷ್ಟರಲ್ಲಿ ತಂದೆಯ ಊರಿನಲ್ಲಿ ತನ್ನ ಪಾಲಿನ ಹೊಲವಿದೆಯೆಂದು ಗೊತ್ತಾಗಿ, ಅದನ್ನು ಮಾರಿ ಬರಲು ರೈಲು ಹತ್ತುತ್ತಾನೆ. ಹೊಲದ ವಿಷಯ ತಿಳಿದವನಿಗೆ ಹಗೆಯ ವಿಷಯ ತಿಳಿಯದು. ರೈಲಿನಲ್ಲಿ ಅಪರ್ಣಾ ಎಂಬ ಹುಡುಗಿಯ ಪರಿಚಯವಾಗುತ್ತದೆ. ಊರು ಸೇರಿದ ಮೇಲೆ ಆಕೆಯ ತಂದೆ ರಾಮಿನೀಡುವಿನ ಮನೆಯಲ್ಲಿಯೇ ಆತನಿಗೆ ಆತಿಥ್ಯ. ಆ ರಾಮಿನೀಡು ತನ್ನ ತಮ್ಮನ ಸಾವಿಗೆ ಸೇಡು ತೀರಿಸಿಕೊಳ್ಳಲು ಕಾದಿರುವುದು ಈ ಹುಡುಗನಿಗಾಗಿಯೇ.

ಬಂದವನು ಯಾರೆಂದು ರಾಮಿನೀಡುವಿಗೆ ತಿಳಿಯುವ ಹೊತ್ತಿಗೆ ರಾಮು ಹೊಸ್ತಿಲನ್ನು ದಾಟಿ ಒಳಗೆ ಬಂದಾಗಿದೆ. ಆ ಮನೆಗೆ ಒಂದು ಕಟ್ಟಳೆಯುಂಟು: ಮನೆಯ ಒಳಗೆ ರಕ್ತ ಬೀಳಕೂಡದು. ಅತಿಥಿಯ ಉಪಚಾರದಲ್ಲಿ ಕೊರತೆಯಾಗಕೂಡದು. ಹೀಗಾಗಿ ಒಳಗಿರುವಷ್ಟು ಹೊತ್ತು ಊಟ, ತಾಂಬೂಲ, ನಗುಮಾತು. ಹೊರಗೆ ಕಾಲಿಟ್ಟ ಕ್ಷಣ ಕತ್ತಿ. ಈ ಗುಟ್ಟು ರಾಮುವಿಗೂ ಗೊತ್ತಾಗುತ್ತದೆ. ಆ ಬಳಿಕ ಆತನ ಜೀವಮಾನದ ಗುರಿ ಒಂದೇ: ಒಂದಲ್ಲ ಒಂದು ನೆಪ ಹೂಡಿ ಆ ಮನೆಯನ್ನು ಬಿಟ್ಟು ಹೋಗದಿರುವುದು. ಸಾಮಾನ್ಯವಾಗಿ ಅತಿಥಿ ಹೊರಡುತ್ತೇನೆಂದರೆ ಮನೆಯವರು ಇನ್ನೆರಡು ದಿನ ಇರಿ ಎನ್ನುವುದು ರೂಢಿ. ಇಲ್ಲಿ ಮನೆಯವರು ನಗುನಗುತ್ತ ಬೀಳ್ಕೊಡಲು ಕಾತರರಾಗಿದ್ದಾರೆ. ಅತಿಥಿಯೇ ಕಂಬವನ್ನು ತಬ್ಬಿಕೊಂಡಿದ್ದಾನೆ. ನಿಜವನ್ನು ಬಾಯಿಬಿಟ್ಟು ಹೇಳಲು ಯಾರಿಗೂ ಸಾಧ್ಯವಿಲ್ಲ. ಮರ್ಯಾದೆಯ ಮಾತುಗಳೆಲ್ಲ ಇದ್ದಲ್ಲಿಯೇ ಇದ್ದು ಅವುಗಳ ಒಳಗಿನ ಅರ್ಥ ಮಾತ್ರ ತಲೆಕೆಳಗಾಗಿದೆ. ಚಿತ್ರದ ಹಾಸ್ಯವೂ ಭೀತಿಯೂ ಹುಟ್ಟುವುದು ಈ ಒಂದೇ ಬುಗ್ಗೆಯಿಂದ.

ಇಲ್ಲಿ ಗಮನಿಸಬೇಕಾದುದು ಹೊಸ್ತಿಲೆಂಬ ವಸ್ತುವಿಗೆ ನಿರ್ದೇಶಕರು ತಂದುಕೊಟ್ಟಿರುವ ಭಾರ. ಒಂದು ಅಡ್ಡಮರ, ಮಗು ಕೂಡ ದಾಟಬಲ್ಲ ಎತ್ತರ. ‘ಬಾಹುಬಲಿ’ಯಲ್ಲಿ ನಾಯಕನು ಹತ್ತುವ ಜಲಪಾತದ ಮುಂದೆ ಅದು ಏನೇನೂ ಅಲ್ಲ. ಆದರೂ ರಾಮುವಿನ ಪಾದವು ಅದರ ಹತ್ತಿರಕ್ಕೆ ಬಂದಾಗ ಪ್ರೇಕ್ಷಕನ ಉಸಿರು ನಿಲ್ಲುವಂತೆ ಜಲಪಾತದ ಎದುರು ನಿಲ್ಲುವುದಿಲ್ಲ. ಬಾಹುಬಲಿ ಬೀಳುವುದಿಲ್ಲವೆಂದು ಎಲ್ಲರಿಗೂ ಗೊತ್ತು. ರಾಮುವಿನ ಪಾದದ ವಿಷಯದಲ್ಲಿ ಆ ಧೈರ್ಯ ಯಾರಿಗೂ ಇಲ್ಲ. ಸ್ವತಃ ರಾಮುವಿಗೂ ಇಲ್ಲ.

ಕಥೆಯ ಮೂಲ ಅಮೆರಿಕದ್ದು. 1923ರಲ್ಲಿ ಬಸ್ಟರ್ ಕೀಟನ್ ಎಂಬ ಮಹಾ ಹಾಸ್ಯನಟ ಜಾನ್ ಬ್ಲೈಸ್ಟೋನ್ ಎಂಬವರೊಡನೆ ಕೂಡಿ ನಿರ್ದೇಶಿಸಿ, ತಾನೇ ನಾಯಕನಾಗಿ ಅಭಿನಯಿಸಿದ ‘ಅವರ್ ಹಾಸ್ಪಿಟಾಲಿಟಿ’ ಎಂಬ ಮೂಕಿ ಚಿತ್ರ ಅದು. 1830ರ ಸುಮಾರಿನ ಕಾಲ. ಅಲ್ಲಿಯೂ ಎರಡು ಮನೆತನಗಳ ಹಗೆ, ಊರು ಬಿಟ್ಟ ತಾಯಿ ಮಗು, ಪಿತ್ರಾರ್ಜಿತ ಆಸ್ತಿಗಾಗಿ ರೈಲು ಪ್ರಯಾಣ, ರೈಲಿನಲ್ಲಿ ಹಗೆಯವರ ಮಗಳ ಭೇಟಿ, ಮನೆಯೊಳಗೆ ಇರುವತನಕ ಅತಿಥಿಯನ್ನು ಕೊಲ್ಲಬಾರದೆಂಬ ನಿಯಮ. ಆಗತಾನೆ ಹುಟ್ಟಿದ ರೈಲಿನ ಓಲಾಟವನ್ನು ಕೀಟನ್ ಚಿತ್ರಿಸಿರುವ ಭಾಗವೇ ಒಂದು ಪ್ರತ್ಯೇಕ ಕಾವ್ಯದಂತಿದೆ. ಕೀಟನ್ನನ ನಾಯಕನು ತುಳಿಗಾಲಿಲ್ಲದ ಹಳೆಯ ಕಾಲದ ಎರಡು ಗಾಲಿಯ ಬಂಡಿಯನ್ನು ಕಾಲಿನಿಂದ ನೆಲವನ್ನು ಒದ್ದು ಓಡಿಸುತ್ತಾನೆ. ರಾಮುವಿನ ಸೈಕಲ್ಲಿನ ಪೂರ್ವಜನನ್ನು ಅಲ್ಲಿ ಕಾಣಬಹುದು. ತೆಲುಗಿನಲ್ಲಿ ಆ ಸೈಕಲ್ಲಿಗೆ ಮಾತೂ ಬಂದಿದೆ. ಜನಪ್ರಿಯ ನಾಯಕನಟ ಶ್ರೀ ರವಿತೇಜ ಅದಕ್ಕೆ ಕಂಠದಾನ ಮಾಡಿದ್ದಾರೆ. ಒಡೆಯನಿಗಿಲ್ಲದ ಗಂಡುದನಿ ಆತನ ಮುರುಕು ಸೈಕಲ್ಲಿಗೆ ಇದೆಯೆಂಬುದು ಸಣ್ಣ ವಿನೋದವೇನೂ ಅಲ್ಲ.

ಎರವಲು ತಂದ ಕಥೆಯೆಂದ ಮಾತ್ರಕ್ಕೆ ಮೂಗು ಮುರಿಯುವವರಿದ್ದಾರೆ. ಕನ್ನಡದ ವಾಚಕರಾದರೂ ಹಾಗೆ ಮಾಡಬಾರದು. ಎಂ. ಎಸ್. ಪುಟ್ಟಣ್ಣನವರು ಲಿಯರ್ ರಾಜನನ್ನು ‘ಹೇಮಚಂದ್ರರಾಜ ವಿಲಾಸ’ವನ್ನಾಗಿ ಮಾಡಿದರು, ಬಿ.ಎಂ.ಶ್ರೀಯವರು ಗ್ರೀಕರ ಅಜಾಕ್ಸನ ಅಳಲನ್ನು ಅಶ್ವತ್ಥಾಮನಲ್ಲಿ ಕಂಡರು. ಕುವೆಂಪು ಅವರು ಹ್ಯಾಮ್ಲೆಟನ ಕಥೆಯನ್ನು ಬಿದನೂರಿಗೆ ತಂದು ‘ರಕ್ತಾಕ್ಷಿ’ಯನ್ನು ರಚಿಸಿದರು. ರೂಪಾಂತರದ ಗೆಲವು ನಿಲ್ಲುವುದು ಹೊಸ ನೆಲದಲ್ಲಿ ಬೇರು ಬಿಟ್ಟಿತೇ ಎಂಬುದರ ಮೇಲೆ. ಕೀಟನ್ನನ ಚಿತ್ರದಲ್ಲಿ ಆತಿಥ್ಯದ ನಿಯಮವು ದಕ್ಷಿಣದ ದೊಡ್ಡಮನೆಯವರ ಪ್ರತಿಷ್ಠೆಯ ಮಾತು. ಅದನ್ನು ಕೀಟನ್ ಹೊರಗೆ ನಿಂತು ನಗುತ್ತ ನೋಡುತ್ತಾನೆ. ರಾಜಮೌಳಿಯವರ ಚಿತ್ರದಲ್ಲಿ ಅದು ದೇವರ ಮನೆಗೂ ಅಡುಗೆಮನೆಗೂ ಸಂಬಂಧಿಸಿದ ಮಡಿಯಂತೆ ಕಾಣುತ್ತದೆ. ಅರಿಸಿನ ಕುಂಕುಮ ಹಚ್ಚಿ ಪೂಜಿಸುವ ಹೊಸ್ತಿಲು ನಮ್ಮ ಕಡೆ ಬರಿಯ ಮರವಲ್ಲವಷ್ಟೆ. ಸಂಜೆಯ ಹೊತ್ತು ಅದರ ಮೇಲೆ ಕೂರಬೇಡವೆಂದು ಅಜ್ಜಿಯರು ಗದರಿಸಿದುದನ್ನು ಕೇಳಿ ಬೆಳೆದವನಿಗೆ ರಾಮಿನೀಡುವಿನ ಕಟ್ಟಳೆಯನ್ನು ವಿವರಿಸಿ ಹೇಳಬೇಕಾದುದಿಲ್ಲ. ರಾಮಿನೀಡುವಿನ ಪಾತ್ರವನ್ನು ಶ್ರೀ ನಾಗಿನೀಡು ಅವರು ಏರಿದ ದನಿಯಿಲ್ಲದೆ, ಅಬ್ಬರವಿಲ್ಲದೆ ನಿರ್ವಹಿಸಿರುವುದರಿಂದ ಆತನು ಖಳನೆಂಬುದಕ್ಕಿಂತ ಒಂದು ವ್ರತಕ್ಕೆ ಸಿಕ್ಕಿಬಿದ್ದ ಯಜಮಾನನಂತೆ ಕಾಣುತ್ತಾನೆ. ಎರಡು ವ್ರತಗಳು: ತಮ್ಮನ ಸಾವಿಗೆ ಪ್ರತೀಕಾರ, ಅತಿಥಿಗೆ ಅಭಯ. ಇವೆರಡರ ನಡುವೆ ಆತನ ಸೌಜನ್ಯವೇ ಆತನ ಸೆರೆಮನೆ.

ಕಥೆ ನಡೆಯುವ ನೆಲದ ವಿಷಯದಲ್ಲಿಯೂ ಒಂದು ಮಾತು ಹೇಳಬೇಕು. ಕರ್ನೂಲು, ಕಡಪ, ಅನಂತಪುರ, ಚಿತ್ತೂರು ಸೀಮೆಗಳ ಬಹುಭಾಗ 1800ರಲ್ಲಿ ನಿಜಾಮನಿಂದ ಕುಂಪಣಿ ಸರಕಾರಕ್ಕೆ ಬಿಟ್ಟುಕೊಡಲ್ಪಟ್ಟ ಪ್ರದೇಶ. ಬಳ್ಳಾರಿಯೂ ಅವುಗಳ ಜತೆಗೇ ಇದ್ದು 1953ರಲ್ಲಿ ಮೈಸೂರಿಗೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದಲ್ಲಿಯೇ ಉಳಿದವು. ಕಾಚಿಗುಡದಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗುವ ಕನ್ನಡಿಗರು ರಾತ್ರಿಯೆಲ್ಲ ದಾಟುವುದು ಈ ಕಲ್ಲುನೆಲವನ್ನೇ. ತೆಲುಗು ಚಲಚ್ಚಿತ್ರವು ಈ ಸೀಮೆಯನ್ನು ಬಹಳ ಒರಟಾಗಿ ನಡೆಸಿಕೊಂಡಿದೆ. ‘ಸಮರಸಿಂಹಾರೆಡ್ಡಿ’ (1999), ‘ನರಸಿಂಹ ನಾಯುಡು’ (2001), ‘ಇಂದ್ರ’ (2002) ಮೊದಲಾದ ಚಿತ್ರಗಳ ಗೆಲವಿನಿಂದ ರಾಯಲಸೀಮೆಯೆಂದರೆ ಮಚ್ಚು, ನಾಡಬಾಂಬು, ಸಿಡಿದು ಮೇಲೇಳುವ ಕಾರುಗಳು ಎಂಬ ಚಿತ್ರ ಜನರ ಮನಸ್ಸಿನಲ್ಲಿ ಅಚ್ಚೊತ್ತಿತು. ಅಲ್ಲಿ ಬಣಹಗೆ ಇದ್ದುದು ಸುಳ್ಳಲ್ಲ. ಆದರೆ ತಮ್ಮ ಊರುಗಳಲ್ಲಿ ಕೊಲೆಯ ಹೊರತು ಬೇರೇನೂ ನಡೆಯುವುದಿಲ್ಲವೇ ಎಂದು ಆ ಸೀಮೆಯ ಜನ ನೊಂದು ಕೇಳಿದ್ದಾರೆ. ‘ಮರ್ಯಾದ ರಾಮನ್ನ’ ಅದೇ ಮಚ್ಚಿನ ಕಥೆಯನ್ನು ಎತ್ತಿಕೊಂಡು, ಮಚ್ಚು ಹಿಡಿದವನ ಬದಲಾಗಿ ಅದಕ್ಕೆ ಹೆದರುವವನನ್ನು ನಡುವೆ ನಿಲ್ಲಿಸಿತು. ಬಣಹಗೆಯು ಹೊರಗಿನಿಂದ ಬಂದ ಒಬ್ಬ ಸಾಮಾನ್ಯನ ಕಣ್ಣಿಗೆ ಎಷ್ಟು ಅಸಂಗತವೆಂದು ತೋರುತ್ತದೆಂಬುದನ್ನು ಅಳುವಿಲ್ಲದೆ ಹೇಳಿದ ಚಿತ್ರಗಳು ತೆಲುಗಿನಲ್ಲಿ ಹೆಚ್ಚಿಲ್ಲ. ತಂದೆಯ ಊರಿನ ಹೊಲದ ಪಹಣಿಯನ್ನು ಬಲ್ಲ, ಊರಿನ ಹಳೆಯ ಲೆಕ್ಕಗಳನ್ನು ಅರಿಯದ ನಗರವಾಸಿಯ ಪಾಡು ಹೈದರಾಬಾದಿನ ಎಷ್ಟೋ ಮನೆಗಳಲ್ಲಿ, ಕತ್ತಿಯ ಭಯವೊಂದನ್ನು ಬಿಟ್ಟರೆ, ಹೊಸದಲ್ಲ.

ದೋಷಗಳಿಲ್ಲವೆಂದಲ್ಲ. ನಾಯಿಕೆಯ ಪಾತ್ರಕ್ಕೆ ಚೆಲುವೂ ಲವಲವಿಕೆಯೂ ಇವೆ, ಸ್ವಂತ ಬುದ್ಧಿಗೆ ಎಡೆ ಸಾಲದು. ಕೊನೆಗೆ ನದಿಗೆ ಬಿದ್ದವಳ ಹಿಂದೆ ರಾಮು ತಾನೂ ಧುಮುಕುವುದು, ಆ ಬಳಿಕ ದಶಕಗಳ ಹಗೆ ಕರಗಿಹೋಗುವುದು ಅವಸರದ ಮುಕ್ತಾಯ. ಇಲ್ಲಿ ಕೀಟನ್ ಹೆಚ್ಚು ಜಾಣ. ಆತನ ಚಿತ್ರದಲ್ಲಿ ವೈರಿಗಳು ಆಯುಧಗಳನ್ನು ಕೆಳಗಿಟ್ಟ ಮೇಲೆ ನಾಯಕನೂ ತನ್ನ ಉಡುಪಿನಲ್ಲಿ ಅಡಗಿಸಿದ್ದ ಪಿಸ್ತೂಲುಗಳನ್ನು ಒಂದೊಂದಾಗಿ ತೆಗೆದಿಡುತ್ತಾನೆ. ಸಂಧಿಯಾದರೂ ಪೂರ್ಣ ನಂಬಿಕೆಯಿಲ್ಲವೆಂಬ ನಗೆ ಉಳಿಯುತ್ತದೆ. ತೆಲುಗು ಚಿತ್ರವು ಕಣ್ಣೀರಿನ ಕಡೆಗೆ ವಾಲಿದೆ.

ಈ ಕಥೆಯ ಗಟ್ಟಿತನವನ್ನು ಅಳೆಯಲು ಇನ್ನೊಂದು ದಾರಿಯೂ ಇದೆ. ‘ಮರ್ಯಾದ ರಾಮನ್ನ’ ಐದು ವರ್ಷಗಳೊಳಗೆ ಐದು ಭಾಷೆಗಳಲ್ಲಿ ಮತ್ತೆ ಹುಟ್ಟಿತು. 2011ರಲ್ಲಿ ಕನ್ನಡದಲ್ಲಿ ಶ್ರೀ ಕೋಮಲ್ ಅವರು ‘ಮರ್ಯಾದೆ ರಾಮಣ್ಣ’ನಾದರು, ಅದೇ ವರ್ಷ ಬಂಗಾಳಿಯಲ್ಲಿ, 2012ರಲ್ಲಿ ‘ಸನ್ ಆಫ್ ಸರ್ದಾರ್’ ಎಂದು ಹಿಂದಿಯಲ್ಲಿ, 2014ರಲ್ಲಿ ಸಂತಾನಂ ಅವರಿಂದ ತಮಿಳಿನಲ್ಲಿ, 2015ರಲ್ಲಿ ದಿಲೀಪ್ ಅವರಿಂದ ಮಲಯಾಳದಲ್ಲಿ. ಇವೆಲ್ಲ ಮೂಲಕ್ಕೆ ಸಮವೆಂದು ಯಾರೂ ಹೇಳರು. ಆದರೆ ಹಿಂದಿಯ ರೂಪವು ಒಂದು ಪಾಠದಂತಿದೆ. ಅಲ್ಲಿ ನಾಯಕನ ಪಾತ್ರವು ಹೊಡೆದಾಟಕ್ಕೆ ಹೆಸರಾದ ಶ್ರೀ ಅಜಯ್ ದೇವಗನ್ ಅವರ ಪಾಲಿಗೆ ಬಂದಿತು. ಹತ್ತು ಜನರನ್ನು ಹೊಡೆದುರುಳಿಸಬಲ್ಲ ಸರದಾರನು ಹೊಸ್ತಿಲಿಗೆ ಏಕೆ ಹೆದರಬೇಕು? ಭಯ ಹೋಯಿತು, ಭಯದ ಜತೆಗೆ ಹೊಸ್ತಿಲೂ ಹೋಯಿತು. ಅತಿಮಾನುಷ ನಾಯಕನು ಪ್ರವೇಶಿಸಿದರೆ ಈ ಕಥೆಗೆ ಏನಾಗುವುದೆಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ. ಹಾಸ್ಯನಟರ ಕೈಗೆ ಹೋದ ರೂಪಗಳಲ್ಲಿ ಕಥೆಯ ಬೆನ್ನೆಲುಬಾದರೂ ಉಳಿಯಿತು.

ಸಾಹಸನಾಯಕರ ಚಿತ್ರಗಳೂ ರೂಪಾಂತರ ಹೊಂದಿಲ್ಲವೇ ಎಂದು ಕೇಳಬಹುದು. ಹೊಂದಿವೆ. ‘ವಿಕ್ರಮಾರ್ಕುಡು’ 2009ರಲ್ಲಿ ಶ್ರೀ ಸುದೀಪ್ ಅವರ ‘ವೀರ ಮದಕರಿ’ಯಾಯಿತು. ಅಲ್ಲಿ ಒಬ್ಬ ತಾರೆಯ ಜಾಗಕ್ಕೆ ಇನ್ನೊಬ್ಬ ತಾರೆ ಬೇಕಾಯಿತು. ‘ಬಾಹುಬಲಿ’ಯಿಂದ ಮುಂದಿನ ಬೃಹತ್ ಚಿತ್ರಗಳನ್ನಾದರೋ ಮತ್ತೆ ಕಟ್ಟುವ ಗೋಜಿಗೆ ಯಾರೂ ಹೋಗಲಿಲ್ಲ, ಅವು ಬಹುಮಟ್ಟಿಗೆ ಇದ್ದ ಹಾಗೆಯೇ ದನಿ ಬದಲಿಸಿಕೊಂಡು ಬೇರೆ ಭಾಷೆಗಳಿಗೆ ಹೋದುವು. ಕರ್ನಾಟಕದಲ್ಲಿ ಅ. ನ. ಕೃಷ್ಣರಾಯರ ಕಾಲದ ಚಳವಳಿಯಿಂದ ಮೊದಲ್ಗೊಂಡು ಡಬ್ಬಿಂಗಿಗೆ ಅಘೋಷಿತ ತಡೆಯಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಆ ತಡೆಯ ವಿರುದ್ಧ ತೀರ್ಪಿತ್ತ ಬಳಿಕ ಅದು ಸಡಿಲವಾಯಿತು. ‘ಆರ್‌ಆರ್‌ಆರ್’ 2022ರಲ್ಲಿ ಕನ್ನಡದ ಮಾತಿನಲ್ಲಿಯೇ ತೆರೆಕಂಡಿತು. ಇದರಿಂದ ಕನ್ನಡ ಪ್ರೇಕ್ಷಕನಿಗೆ ಲಾಭವೇ ಆಯಿತೆನ್ನಬೇಕು. ಆದರೆ ಎರಡು ಬಗೆಯ ಪಯಣದ ವ್ಯತ್ಯಾಸವನ್ನು ಮರೆಯಬಾರದು. ಬೃಹತ್ ಚಿತ್ರವನ್ನು ಸಿದ್ಧಪಡಿಸಿದ ಸರಕಿನಂತೆ ಹೊತ್ತು ತರಬಹುದು. ಚಿಕ್ಕ ಕಥೆಯನ್ನು ತಂದವರು ತಮ್ಮದೇ ಮನೆಯೊಂದನ್ನು ಕಟ್ಟಿ, ತಮ್ಮದೇ ಹೊಸ್ತಿಲನ್ನು ಇಡಬೇಕಾಗುತ್ತದೆ. ಪುಟ್ಟಣ್ಣನವರೂ ಶ್ರೀಯವರೂ ಮಾಡಿದುದು ಎರಡನೆಯ ಕೆಲಸವನ್ನು.

2012ರಲ್ಲಿ ರಾಜಮೌಳಿಯವರು ‘ಈಗ’ ಚಿತ್ರದಲ್ಲಿ ಒಂದು ನೊಣವನ್ನೇ ನಾಯಕನನ್ನಾಗಿ ಮಾಡಿ, ಸುದೀಪ್ ಅವರನ್ನು ಅದರ ಎದುರಾಳಿಯನ್ನಾಗಿ ನಿಲ್ಲಿಸಿದರು. ದುರ್ಬಲನು ಬಲಿಷ್ಠನನ್ನು ಕಾಡುವ ಅದೇ ಆಟವನ್ನು ಅಲ್ಲಿಯೂ ಗುರುತಿಸಬಹುದು. ಆಮೇಲೆ ಬಂದುದು ಮಾಹಿಷ್ಮತಿ. ‘ಮರ್ಯಾದ ರಾಮನ್ನ’ದ ನಿರ್ಮಾಪಕರಾದ ಆರ್ಕಾ ಮೀಡಿಯಾ ವರ್ಕ್ಸ್ ಸಂಸ್ಥೆಯವರೇ ಹೈದರಾಬಾದಿನ ಹೊರವಲಯದ ರಾಮೋಜಿ ಫಿಲ್ಮ್ ಸಿಟಿಯಲ್ಲಿ ಆ ರಾಜಧಾನಿಯನ್ನೂ ಕಟ್ಟಿಸಿದರು. ಆ ಮಹಾಚಿತ್ರದಲ್ಲಿ ಜನರನ್ನು 2015ರಿಂದ 2017ರವರೆಗೆ ಎರಡು ವರ್ಷ ಹಿಡಿದು ನಿಲ್ಲಿಸಿದ ಪ್ರಶ್ನೆ ಯಾವುದು? ಕಟ್ಟಪ್ಪನು ಬಾಹುಬಲಿಯನ್ನು ಕೊಂದುದೇಕೆ ಎಂಬುದು. ಕಟ್ಟಪ್ಪನು ಸಿಂಹಾಸನಕ್ಕೆ ವಂಶಪಾರಂಪರ್ಯವಾಗಿ ಮಾತು ಕೊಟ್ಟು ಬಂಧಿತನಾದ ಊಳಿಗದವನು. ಮಗನಂತೆ ಎತ್ತಿ ಆಡಿಸಿದವನನ್ನು ಆ ಮಾತಿಗಾಗಿ ಇರಿಯುತ್ತಾನೆ. ಶಿವಲಿಂಗವನ್ನು ಹೊತ್ತ ಹೆಗಲಿನ ವಿಷಯವಾಗಿ ಊರೂರುಗಳಲ್ಲಿ ಅಷ್ಟು ದಿನ ಯಾರೂ ಚರ್ಚಿಸಲಿಲ್ಲ. ಕಟ್ಟಪ್ಪನು ನಿಂತಿರುವುದು ರಾಮಿನೀಡು ನಿಂತಿದ್ದ ಜಾಗದಲ್ಲಿ, ಹೊಸ್ತಿಲಿನ ಅದೇ ಅಂಚಿನಲ್ಲಿ. ನಡುವೆ ಐದು ವರ್ಷಗಳೂ ಬೃಹತ್ತಾದ ಒಂದು ಕೋಟೆಯೂ ಬಂದಿವೆ, ಅಷ್ಟೆ.